ಕೋಬೀಜು ಬಂದ್ ಆದ ಮೇಲೆ

“ಸೋಮವಾರದಿಂದ ಬರಬ್ಯಾಡ್ರಿ” ಎಂದುಬಿಟ್ಟೆ.

ಹೇಳಬೇಕಾಗಿದ್ದುದು ಹಾಗಲ್ಲ. ಆದರೆ ನನ್ನ ಬಾಯಿಯೇ ಅಂಥದ್ದು; ಮನಸ್ಸು ಮೆತ್ತಗಾದಷ್ಟೂ ಮಾತು ಖಾರವಾಗುತ್ತದೆ. ನನಗೆ ಬಂದ ಸಂಬಂಧಗಳನ್ನೆಲ್ಲ ಓಡಿಸಿದ್ದೂ ಇದೇ ಬಾಯಿ. ಎಲೆಕೋಸಿನ, ನಮ್ಮ ಕಡೆಯ ಕೋಬೀಜಿನ, ಚೀಲವನ್ನು ಹೆಗಲಿನಿಂದ ಇಳಿಸುತ್ತಿದ್ದ ಮಾಂತೇಶ ಅರ್ಧಕ್ಕೇ ನಿಂತ.

“ಯಾಕ್ರಿ ಸುನಂದಾ ಅವ್ರ, ಏನ್ ತಪ್ಪಾತು?”

“ನಿಮ್ದೇನೂ ತಪ್ಪಿಲ್ಲ. ಡೀಸೆಲ್ ತುಟ್ಟಿ ಆತು, ಸಿಲಿಂಡರ್ ತುಟ್ಟಿ ಆತು, ಎಣ್ಣಿ ತುಟ್ಟಿ ಆತು. ಬೆಳಗಾವಿಂದ ಗಾಡಿ ಏರಿ ಬರೋ ಕೋಬೀಜ ನನಗ ಪರವಡಸೂದಿಲ್ಲ. ಇನ್ಮ್ಯಾಲೆ ಇಲ್ಲೇ ಸುತ್ತಮುತ್ತ ಬೆಳದದ್ದಷ್ಟ ಅಡಗಿ.”

ವಿದ್ಯಾಗಿರಿಯಲ್ಲಿ ನಮ್ಮದು ಖಾನಾವಳಿ. ಉಣ್ಣುವವರು ಕಾಲೇಜಿನ ಹುಡುಗರು. ಅಪ್ಪ ಹೋದ ಮೇಲೆ ನಾನೂ ಸೋದರತ್ತೆ ಸಿದ್ದವ್ವನೂ ನಡೆಸುತ್ತೇವೆ. ದರ ಏರಿಸಿದರೆ ಹುಡುಗರು ಒಂದು ಹೊತ್ತಿನ ಊಟ ಬಿಡುತ್ತಾರೆ. ಏರಿಸದಿದ್ದರೆ ನಾವು ಬಾಗಿಲು ಹಾಕಬೇಕು. ಅದಕ್ಕೇ ಪುಂಡಿ ಪಲ್ಯ, ಮಡಕಿಕಾಳು, ಗುರೆಳ್ಳು ಚಟ್ನಿ, ಸಜ್ಜಿ ರೊಟ್ಟಿ ಎಂದು ತೀರ್ಮಾನಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಕೋಬೀಜು ನಿಂತರೆ ಅದನ್ನು ತರುವವನೂ ನಿಲ್ಲುತ್ತಾನೆ ಎಂಬುದು ತಲೆಗೆ ಹೊಳೆದದ್ದು ಅವನ ಟೆಂಪೊ ಬಾಗಿಲಿಗೆ ಬಂದು ಹಾರ್ನ್ ಹೊಡೆದಾಗಲೇ.

ಅವನು ಚೀಲ ಇಳಿಸಿ ಕೆಂಪು ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸುತ್ತಾ ಟವೆಲಿನ ಅಂಚಿನಿಂದ ನನ್ನತ್ತ ನೋಡುವುದು ಅವನ ಹಳೆಯ ಚಾಳಿ. ಸಿಕ್ಕಿಬಿದ್ದರೆ ಕಣ್ಣಲ್ಲಿ ಬಂದ ನಗೆಯನ್ನೂ ಒರೆಸುವವನಂತೆ ಮತ್ತೆ ಮುಖ ಮುಚ್ಚುತ್ತಾನೆ. ಇವತ್ತು ನೇರವಾಗಿ ನೋಡಿದ. ನಗಲಿಲ್ಲ.

“ಊಟಾ ಮಾಡ್ಕೊಂಡರ ಹೋಗ್ರಿ” ಎಂದೆ.

“ಮಜ್ಜಿಗಿ ಸಾಕ್ರಿ.”

ಯಾವಾಗಲೂ ಅದೇ ಮಾತು. ಎರಡು ವರ್ಷದಿಂದ ನನ್ನ ಕೈಯ ಒಂದು ತುತ್ತೂ ಉಂಡವನಲ್ಲ. ಮಜ್ಜಿಗೆ ಕುಡಿದ, ಲೋಟ ತೊಳೆದಿಟ್ಟ, ಹೋದ. ಎಷ್ಟು ಸೊಕ್ಕು ಇವನಿಗೆ ಎಂದು ಉರಿದುಕೊಂಡೆ. ಆದರೂ ಟೆಂಪೊ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದೆ.

ಸೋಮವಾರ ಹುಡುಗರು ತಾಟು ನೋಡಿ ಮುಖ ಸಿಂಡರಿಸಿದರು.

“ಅಕ್ಕಾರ, ಕೋಬೀಜ ಇಲ್ಲೇನ್ರಿ?”

“ಕೋಬೀಜ ತವರಮನಿಗೆ ಹೋಗೇತಿ. ಸುಮ್ನ ಉಣ್ರಿ.”

ವಾರ ತುಂಬುವುದರೊಳಗೆ ಅವರೇ ಪುಂಡಿ ಪಲ್ಯ ಮತ್ತೆ ಮತ್ತೆ ಹಾಕಿಸಿಕೊಳ್ಳತೊಡಗಿದರು. ಖಾನಾವಳಿ ಉಳಿಯುತ್ತದೆ ಎಂದು ಅತ್ತೆ ಹಿಗ್ಗಿದಳು. ನಾನು ಮಾತ್ರ ಎಲ್ಲಿ ಹಾರ್ನ್ ಆದರೂ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಬಾಗಿಲು ನೋಡುತ್ತಿದ್ದೆ.

“ಹಂಚಿನ್ಯಾಗಿನ ರೊಟ್ಟಿ ಹೊತ್ತಾಕತ್ತೇತಿ ನೋಡು” ಎಂದಳು ಅತ್ತೆ. “ಅವಗೊಂದು ಫೋನ್ ಹಚ್ಚಬಾರದೇನ?”

“ಏನಂತ ಹಚ್ಚಲಿ? ಕೋಬೀಜ ಬ್ಯಾಡ, ನೀ ಅಷ್ಟ ಬಾ ಅಂತೇನು?”

“ಹಂಗ ಅನ್ನವಾ. ಖರೆ ಅದನ ಐತಲ್ಲ.”

ಹೊತ್ತಿದ ರೊಟ್ಟಿಯನ್ನು ತಿರುವಿ ಹಾಕಿದೆ. ನಮ್ಮ ಅಡುಗೆಮನೆಗೆ ಹೊರಗಿನವರು ಕಾಲಿಡುವುದಿಲ್ಲ. ಗಿರಾಕಿಗಳೆಲ್ಲ ಎದ್ದ ಮೇಲೆ ನಾವಿಬ್ಬರೇ ಒಲೆಯ ಪಕ್ಕ ಮಣೆ ಹಾಕಿಕೊಂಡು ಉಣ್ಣುತ್ತೇವೆ. ಅವತ್ತು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟೆ. ಅವನು ಬೇಕು ನನಗೆ, ಭಾಳ ಬೇಕು ಎಂದು ಮೊದಲ ಸಲ ನನಗೆ ನಾನೇ ಹೇಳಿಕೊಂಡೆ.

ಮರುವಾರ ಮಧ್ಯಾಹ್ನ ಹುಡುಗರು ಉಣ್ಣುತ್ತಿದ್ದಾಗ ಹಾರ್ನ್ ಇಲ್ಲದೇ ಬಂದ. ಟೆಂಪೊ ಇರಲಿಲ್ಲ; ಬಸ್ಸಿಳಿದು ನಡೆದು ಬಂದಿದ್ದ. ಇಸ್ತ್ರಿ ಹಾಕಿದ ಅಂಗಿ, ಕಂಕುಳಲ್ಲಿ ಬುಟ್ಟಿ. ಬುಟ್ಟಿಯ ತುಂಬ ಎಳೆ ಹಕ್ಕರಕಿ ಸೊಪ್ಪು, ಬದನೆಕಾಯಿ, ಹಸಿಮೆಣಸಿನಕಾಯಿ.

“ಎಲ್ಲೀದಿದು?”

“ಇಲ್ಲೇ ನಮ್ಮೂರು ಬನಶಂಕರೀದು, ನಮ್ಮವ್ವನ ತ್ವಾಟದ್ದು. ಮುಂಜಾನೆ ಹರದದ್ದು.”

“ಹ್ಯಾಂಗ ಕೊಡ್ತೀರಿ?”

“ಮಾರಾಕ ತಂದಿಲ್ರಿ. ವ್ಯಾಪಾರ ಬೇಕಂದ್ರ ಅವ್ವನ ಕೂಡ ಮಾತಾಡ್ರಿ, ಬಸ್ಸಿಗೆ ಹಾಕಿ ಕಳಸ್ತಾಳ. ಬೆಳಗಾವಿ ಟ್ರಿಪ್ ನಾನೂ ಬಿಟ್ಟೇನಿ. ಟೆಂಪೊ ಈಗ ಗುಳೇದಗುಡ್ಡದ ಕುಪ್ಪಸದ ಖಣ ಒಯ್ತೈತಿ.”

“ಮತ್ತ ನೀವ್ಯಾಕ ಬಂದ್ರಿ?”

“ಕಾಯಿಪಲ್ಲೆ ಬ್ಯಾಡ ಅಂದ್ರಿ. ನಾನೂ ಬ್ಯಾಡೇನು ಅಂತ ಕೇಳ್ಕೊಂಡು ಹೋಗಾಕ ಬಂದೆ.”

ಹುಡುಗರ ಕೈ ತಾಟಿನಲ್ಲೇ ನಿಂತವು. ಒಬ್ಬನಿಗೆ ಕೆಮ್ಮು ಹತ್ತಿತು. ನನ್ನ ಕಿವಿ ಬಿಸಿಯಾದವು, ಬಾಯಿ ತನ್ನ ಬುದ್ಧಿ ಬಿಡಲಿಲ್ಲ.

“ಎರಡು ವರ್ಷ ಒಂದು ತುತ್ತು ಉಣ್ಣಲಿಲ್ಲ, ಈಗ ಬಂದಾರ ಕೇಳಾಕ!”

ಅವನು ಟವೆಲು ತೆಗೆದ. ಮುಖ ಮುಚ್ಚಿಕೊಳ್ಳಲಿಲ್ಲ, ಕೈಯಲ್ಲಿ ಹಿಂಡುತ್ತ ನಿಂತ.

“ರೊಕ್ಕಾ ಕೊಟ್ಟು ಉಂಡ್ರ ಗಿರಾಕಿ ಆಗ್ತಿದ್ನಿ. ಪುಕ್ಕಟ ಉಂಡ್ರ ನಿಮಗ ಭಾರ ಆಗ್ತಿದ್ನಿ. ನನಗ ಎರಡೂ ಆಗೂದು ಬ್ಯಾಡಾಗಿತ್ತು.” ದನಿ ತಗ್ಗಿಸಿದ. “ನಿಮ್ಮ ರೊಟ್ಟಿ ವಾಸನಿಗೆ ಹೊಟ್ಟಿ ಚುರ್ ಅಂತಿತ್ರಿ. ಅದಕ್ಕ ಮಜ್ಜಿಗಿ ಕುಡದು ಓಡ್ತಿದ್ನಿ.”

ಅಯ್ಯ ನನ್ನ ಶಿವನೇ! ಇಷ್ಟು ದಿನ ನಾನು ಸೊಕ್ಕು ಎಂದುಕೊಂಡದ್ದು ಇದನ್ನೇ? ನಗುವೂ ಬಂತು, ಕಣ್ಣೂ ತುಂಬಿದವು.

ಹುಡುಗನೊಬ್ಬ ಸರಿದು ಬೆಂಚಿನ ಮೇಲೆ ಜಾಗ ಮಾಡಿದ. “ಇಲ್ಲಿ ಕುಂದರ್ರಿ ಅಣ್ಣಾರ.”

ಮಾಂತೇಶ ಕೂರಲು ಬಗ್ಗಿದ.

“ಅಲ್ಲಿ ಬ್ಯಾಡ” ಎಂದೆ.

ಅವನ ಮುಖ ಸಪ್ಪಗಾಯಿತು. ನಾನು ಬುಟ್ಟಿಯನ್ನು ಅವನ ಕಂಕುಳಿಂದ ಇಸಿದುಕೊಂಡೆ.

“ಅದು ಗಿರಾಕಿಗಳು ಕೂಡೋ ಜಾಗ. ಚಪ್ಪಲ್ ಬಿಟ್ಟು ಒಳಗ ಬಾ.”

ಒಳಗೆ ಸಿದ್ದವ್ವ ಅತ್ತೆ ಆಗಲೇ ಒಲೆಯ ಪಕ್ಕ ಮೂರನೆಯ ಮಣೆ ಹಾಕುತ್ತಿದ್ದಳು.