ನಾಳಸಂಚಾರಿ ಮತ್ತು ಚಿಗವ್ವ

ತೊಡೆಯ ರಕ್ತನಾಳವನ್ನು ಹೊಕ್ಕ ನಾಳಸಂಚಾರಿ ಎಂಬ ಯಂತ್ರ ಯಾರ ಕೈಯ ಹಂಗೂ ಇಲ್ಲದೆ ಹೃದಯದತ್ತ ಏರುತ್ತಿತ್ತು. ಬಡಿತದ ಲಯ ತಪ್ಪಿದ ಹೃದಯದಲ್ಲಿ, ಎಡ ಹೃತ್ಕರ್ಣಕ್ಕೆ ಅಂಟಿದ ಪುಟ್ಟ ಚೀಲದೊಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ನಾಳಸಂಚಾರಿ ಚೀಲದ ಬಾಯಿಗೆ ಛತ್ರಿಯಂತೆ ಅರಳುವ ಮುಚ್ಚಳವನ್ನು ಕೂರಿಸಿ ಹಿಂದಿರುಗುತ್ತಿತ್ತು.

ಹುಬ್ಬಳ್ಳಿಯ ಹೃದಯಾಲಯವೊಂದರಲ್ಲಿ ಅದಕ್ಕೆ ದಾರಿ ಕಲಿಸಿದವಳು ಶಾಂಭವಿ ಹೂಗಾರ. ಒಂದು ದಿನ ಪರದೆಯ ಮೇಲೆ ಅವಳ ಕಣ್ಣೆದುರೇ ಛತ್ರಿ ಅರಳಿತು, ಚೀಲದ ಗೋಡೆ ಹರಿಯಿತು, ಹೃದಯದ ಸುತ್ತ ರಕ್ತ ತುಂಬಿತು. ಬೆಳಿಗ್ಗೆ ಅವಳೊಡನೆ ನಗುನಗುತ್ತ ಮಾತಾಡಿದ್ದ ಶಾಲಾ ಶಿಕ್ಷಕಿ ಮಧ್ಯಾಹ್ನಕ್ಕೆ ಇರಲಿಲ್ಲ.

ಶಾಂಭವಿ ಹಳೆಯ ಫಲಿತಾಂಶಗಳನ್ನೆಲ್ಲ ಗಂಡು, ಹೆಣ್ಣು ಎಂದು ಬೇರೆ ಮಾಡಿ ನೋಡಿದಳು. ರಕ್ತಸ್ರಾವಕ್ಕೆ ತುತ್ತಾದವರಲ್ಲಿ ಹೆಂಗಸರೇ ಹೆಚ್ಚು. ನಿರ್ದೇಶಕ ಡಾ. ದೇಶನೂರರ ಬಳಿಗೆ ಓಡಿದಳು.

"ಸರ್, ಯಂತ್ರ ಕಲತಿದ್ದೆಲ್ಲಾ ಗಂಡಸರ ಹೃದಯದ ಮ್ಯಾಲೆ. ಹೆಂಗಸರ ಚೀಲದ ಗ್ವಾಡಿ ತೆಳ್ಳಗ. ಅಲ್ಲೂ ಅಷ್ಟs ಜೋರಲೆ ಒತ್ತತೈತಿ. ಮತ್ತ ಹೊಸದಾಗಿ ಕಲಸಬೇಕ್ರಿ."

"ಕಲಸೋಣು. ಅಲ್ಲೀಮಟ ಹೆಂಗಸರನ್ನ ತಗೊಳ್ಳೂದು ಬ್ಯಾಡ," ಎಂದರು ಅವರು.

ಆ ನಿಯಮವನ್ನು ಯಂತ್ರಕ್ಕೆ ಬರೆದವಳು ಶಾಂಭವಿಯೇ. ಇನ್ನಾದರೂ ಯಾರೂ ಸಾಯುವುದಿಲ್ಲವೆಂದು ಸಮಾಧಾನಪಟ್ಟಳು. ಹೊಸ ಕಲಿಕೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಗಂಡಸರಿಗೆ ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದುದರಿಂದ ಯಾರಿಗೂ ಅವಸರವಿರಲಿಲ್ಲ.

ಅಷ್ಟರಲ್ಲಿ ಚಿಗವ್ವನ ಹೃದಯ ಲಯ ತಪ್ಪಿತು. ತಾಯಿಯಿಲ್ಲದ ಶಾಂಭವಿಯನ್ನು ಬಸ್ ಕಂಡಕ್ಟರ್ ಕೆಲಸ ಮಾಡುತ್ತಲೇ ಸಾಕಿ ಬೆಳೆಸಿದ ಚಿಕ್ಕಮ್ಮ ನೀಲವ್ವ ಅವಳು. ರಕ್ತ ತೆಳುಮಾಡುವ ಮಾತ್ರೆ ಕೊಟ್ಟರೆ ಹೊಟ್ಟೆಯೊಳಗೆ ರಕ್ತ ಸೋರಿತು, ನಿಲ್ಲಿಸಬೇಕಾಯಿತು. ಉಳಿದದ್ದು ಮುಚ್ಚಳವೊಂದೇ.

"ಈ ರೋಗಿಯನ್ನು ಸ್ವೀಕರಿಸಲಾಗದು," ಎಂದಿತು ಯಂತ್ರ.

"ಏನಂತೈತಿ ಅದು?"

"ಹೆಂಗಸರಿಗೆ ಆಗೂದಿಲ್ಲಂತ, ಚಿಗವ್ವಾ."

"ಯಾವ ಪುಣ್ಯಾತ್ಮ ಹೇಳಿಕೊಟ್ಟಾನ ಅದಕ್ಕ?"

ಶಾಂಭವಿ ಪರದೆಯನ್ನು ಆರಿಸಿದಳು.

ಮುಚ್ಚಳವನ್ನು ಕೈಯಿಂದಲೇ ಕೂರಿಸುವ ವೈದ್ಯರಿಗಾಗಿ ಊರೂರು ವಿಚಾರಿಸಿದಳು. ಕಿರಿಯರು ಅದನ್ನು ಕಲಿತೇ ಇರಲಿಲ್ಲ. ಹಿರಿಯರೊಬ್ಬರು, "ಕೈಲೆ ಮಾಡೂದು ಬಿಟ್ಟು ಬಾಳ ವರ್ಷ ಆತವಾ. ನನ್ನ ಕೈ ಮ್ಯಾಲೆ ನನಗs ನಂಬಿಕಿ ಇಲ್ಲ," ಎಂದು ತಲೆ ತಗ್ಗಿಸಿದರು.

ನಿಯಮವನ್ನು ಅಳಿಸುವುದು ಅವಳಿಗೆ ಕಷ್ಟವಿರಲಿಲ್ಲ. ಒಂದು ದಿನ ಚಿಗವ್ವನನ್ನು ಮೇಜಿನ ಮೇಲೆ ಮಲಗಿಸಿಯೂ ಬಿಟ್ಟಳು.

"ಬಿಡವಾ ಅದನ್ನ ಒಳಗ. ಏನಾರ ಆಗ್ಲಿ, ನಿನ್ನ ಬೈಯೂದಿಲ್ಲ," ಎಂದಳು ಚಿಗವ್ವ.

ಹರಿದ ಗೋಡೆ ಶಾಂಭವಿಯ ಕಣ್ಣಿಗೆ ಕಟ್ಟಿತು. ಕೈ ಮುಂದೆ ಹೋಗಲಿಲ್ಲ. "ಏಳು ಚಿಗವ್ವಾ, ಮನೀಗೆ ಹೋಗೂಣು," ಎಂದಳು.

ಯುಗಾದಿಯ ಮುನ್ನಾದಿನ ಹೂರಣ ರುಬ್ಬುತ್ತಿದ್ದ ಚಿಗವ್ವ ಕುಸಿದು ಬಿದ್ದಳು. ಬಲಗೈ, ಬಲಗಾಲು, ಮಾತು ಎಲ್ಲ ಹೋದವು.

ಶಾಂಭವಿ ಅವಳಿಗೆ ಗಂಜಿ ಕುಡಿಸುತ್ತಿದ್ದಾಗ ಒಂದು ದಿನ ದೇಶನೂರರ ಕರೆ ಬಂತು. ಅವರ ಧ್ವನಿಯಲ್ಲಿ ಹಿಗ್ಗಿತ್ತು.

"ವರ್ಷದ ವರದಿ ಬಂತು, ಶಾಂಭವಿ. ಆ ನಿಯಮ ಹಾಕಿದ ಮ್ಯಾಲೆ ನಮ್ಮ ಯಂತ್ರದಿಂದ ಒಬ್ಬ ಹೆಣ್ಣುಮಗಳೂ ಸತ್ತಿಲ್ಲ! ಎಲ್ಲಾ ನಿನ್ನಿಂದs. ಹೊಸದಾಗಿ ಕಲಸೂ ಖಟಪಟೀನ ಇನ್ನ ಬ್ಯಾಡಂತ ಮ್ಯಾಲಿನವರು ಹೇಳ್ಯಾರ."

ಚಿಗವ್ವ ಸೊಟ್ಟಗಾದ ಬಾಯನ್ನು ಅಲುಗಿಸಿ ಯಾರೆಂದು ಕೇಳಲು ಹೆಣಗಿದಳು. ಗಂಜಿ ಗದ್ದದ ಮೇಲೆ ಇಳಿಯಿತು.

"ಹೌದ್ರಿ ಸರ್," ಎಂದು ಶಾಂಭವಿ ಫೋನ್ ಇಟ್ಟು, ಸೆರಗಿನಿಂದ ಚಿಗವ್ವನ ಗದ್ದ ಒರೆಸತೊಡಗಿದಳು.