ತಣ್ಣಗೆ ತೋರಿದ ಮುಳ್ಳು

ಅದ್ಹಮ್ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದುದನ್ನು ಕಂಡು ರನೀಮಳ ಕೈಯ ಸ್ಪ್ಯಾನರ್ ಅಲ್ಲಿಯೇ ಸ್ತಬ್ಧವಾಯಿತು.

"ನನ್ನ ಎಂಜಿನ್ ತಗೊಂಡ್ ಹೋಗೋಕೆ ಬಂದೆ," ಎಂದ.

"ಸುಟ್ಟಿದ್ದನ್ನ ಏನ್ ಮಾಡ್ತೀಯ?"

"ತೂಕಕ್ಕೆ ಹಾಕ್ತೀನಿ. ಕಬ್ಬಿಣಕ್ಕಾದ್ರೂ ಬೆಲೆ ಇದ್ಯಲ್ಲ."

ಆ ಚುಚ್ಚುಮಾತು ತನಗೇ ಎಂದು ಅವಳು ಅರಿತಳು...

ಝರ್ಕಾ ಪಟ್ಟಣದ ಆ ಗ್ಯಾರೇಜು ಅವಳ ತಂದೆ ಹಾಜಿ ಶಕೀಬರದು. ಬೆಟ್ಟದ ಏರುದಾರಿಯ ರೇಸಿಗೆ ಅದ್ಹಮನ ಕಾರನ್ನು ಸಜ್ಜುಗೊಳಿಸಿದವರು ಅವರೇ. ಮಗಳನ್ನು ಅವನಿಗೆ ಕೊಡುವೆನೆಂದು ವಚನವಿತ್ತವರೂ ಅವರೇ. ಹೋದ ವರ್ಷದ ಓಟದಲ್ಲಿ ಎಂಜಿನ್ ಕಾದು ಬಿಗಿದು, ಕಾರು ಬಂಡೆಗೆ ಬಡಿದು, ಅದ್ಹಮನ ಎಡಗಾಲು ಊನವಾಯಿತು.

ಕಾರಿನ ಶಾಖಮಾಪಕದ ಮುಳ್ಳು ಕೊನೆಯವರೆಗೂ ತಣ್ಣಗೇ ತೋರುತ್ತಿತ್ತೆಂದು ಅವನು ಹೇಳಿದ. ಗೆಲ್ಲುವ ಹಟಕ್ಕೆ ಮುಳ್ಳನ್ನು ಕಡೆಗಣಿಸಿ ಈಗ ಸುಳ್ಳಾಡುತ್ತಿದ್ದಾನೆಂದರು ಹಾಜಿ. ಯಂತ್ರದ ವಿಷಯದಲ್ಲಿ ಸುಳ್ಳಾಡುವವನು ಮನೆಯಲ್ಲಿ ಸತ್ಯವಾಡುವನೇ ಎಂದು ಕೊಟ್ಟ ವಚನವನ್ನು ಹಿಂತೆಗೆದರು.

ರನೀಮ್ ತಂದೆಯನ್ನು ನಂಬಿದಳು. ಆ ನಂಬಿಕೆಯೇ ಅವಳ ಪಾಲಿನ ಶೋಕವಾಯಿತು.

ಅಂದಿನಿಂದ ಹಾಜಿ ರೇಸಿನ ಎಂಜಿನ್ ಮುಟ್ಟಿರಲಿಲ್ಲ. ಈಗ ಮೊದಲ ಬಾರಿಗೆ ಒಂದು ಹೊಸ ಎಂಜಿನ್ ಸ್ಟ್ಯಾಂಡಿನ ಮೇಲಿತ್ತು. ಅದರ ನೀರಿನ ಶಾಖ ಅಳೆಯಲು ಸೆನ್ಸರ್ ಬೇಕಾಗಿತ್ತು. ಮೂಲೆಯಲ್ಲಿ ಬಿದ್ದಿದ್ದ ಅದ್ಹಮನ ಸುಟ್ಟ ಎಂಜಿನ್ನಿನದನ್ನು ಕಳಚಿಕೊಳ್ಳುವೆನೆಂದು ರನೀಮ್ ಬಾಗಿದಳು. ಅದ್ಹಮ್ ತಡೆಯುವವನಂತೆ ಕೈಯೆತ್ತಿ, ಮತ್ತೆ ಇಳಿಸಿದ.

ಸೆನ್ಸರ್ ಹೊರಬಂತು. ಅದರ ತಿರುಪಿನ ತುಂಬ ನಲ್ಲಿಗೆ ಸುತ್ತುವ ಬಿಳಿ ಟೇಪು ದಪ್ಪವಾಗಿ ಸುತ್ತಿಕೊಂಡಿತ್ತು.

ಹಾಜಿ ಯೌವನದಲ್ಲಿ ನೀರಿನ ಕೊಳವೆ ಜೋಡಿಸುತ್ತಿದ್ದವರು. ಸೋರಿಕೆಯ ಭಯ ಅವರ ಬೆರಳುಗಳನ್ನು ಬಿಟ್ಟಿರಲಿಲ್ಲ. ಆದರೆ ಈ ಸೆನ್ಸರಿಗೆ ತಂತಿ ಒಂದೇ. ಅದರ ಹಿತ್ತಾಳೆಯ ಮೈ ಎಂಜಿನ್ನಿನ ಲೋಹವನ್ನು ಮುಟ್ಟಿ ವಿದ್ಯುತ್ ಹರಿದರೆ ಮಾತ್ರ ಮುಳ್ಳು ನಿಜ ನುಡಿಯುವುದು; ಟೇಪು ನಡುವೆ ಬಂದರೆ ತಣ್ಣಗೇ ನಿಲ್ಲುವುದು...

ಅವಳು ಸೆನ್ಸರನ್ನು ಮೀಟರಿಗೆ ಜೋಡಿಸಿ, ಅದರ ತುದಿಯನ್ನು ಚಹಾಕ್ಕಿಟ್ಟ ಕುದಿನೀರಿಗೆ ಇಳಿಸಿದಳು. ಬ್ಯಾಟರಿಯ ತಂತಿಯನ್ನು ಟೇಪಿನ ಮೇಲೆ ಒತ್ತಿದಳು. ಮುಳ್ಳು ಅಲುಗಲಿಲ್ಲ. ಬರಿಯ ಹಿತ್ತಾಳೆಗೆ ಒತ್ತಿದಳು. ಮುಳ್ಳು ಮೆಲ್ಲನೆ ಮೇಲೇರಿತು.

"ನಿಂಗೆ ಗೊತ್ತಿತ್ತಾ?" ಅವಳು ಅದ್ಹಮನತ್ತ ತಿರುಗಿದಳು.

"ಅವತ್ತು ಹಾಜಿ ಸುತ್ತೋದನ್ನ ನೋಡಿದ್ದೆ. ಆಸ್ಪತ್ರೇಲಿ ಮಲಗಿದ್ದಾಗ ಹೊಳೀತು. ಅವರ ಕೈ ನಂಬ್ಕೊಂಡು ಇಷ್ಟು ಜನ ಗಾಡಿ ಓಡಿಸ್ತಾರೆ. ಆ ಕೈಯೇ ತಪ್ಪು ಮಾಡ್ತು ಅಂತ ಹೇಗ್ ಹೇಳ್ಲಿ? ಈಗ ಮತ್ತೆ ರೇಸ್ ಎಂಜಿನ್ ಕಟ್ತಿದ್ದಾರೆ ಅಂತ ಕೇಳ್ದೆ. ಇನ್ನೊಬ್ಬ ಸಾಯಬಾರದು ಅಂತ ಬಂದೆ... ಬಾಗಿಲಿಗೆ ಬಂದ್ಮೇಲೆ ಬಾಯಿ ಬರಲಿಲ್ಲ."

"ಅವರ ಮಾನ ಉಳಿಸ್ದೆ. ನನ್ನನ್ನ? ನೀನು ಸುಳ್ಳುಗಾರ ಅಂತ ದಿನಾ ನನಗೆ ನಾನೇ ಹೇಳ್ಕೊಂಡು ಬದುಕ್ದೆ, ಅದ್ಹಮ್."



ಒಳಕೋಣೆಯ ಬಾಗಿಲಲ್ಲಿ ಹಾಜಿ ನಿಂತಿದ್ದರು, ಎಲ್ಲವನ್ನೂ ಕೇಳಿದ್ದರು. ಅವರು ಸೆನ್ಸರನ್ನು ತೆಗೆದುಕೊಂಡು, ಟೇಪನ್ನು ಎಳೆಯೆಳೆಯಾಗಿ ಬಿಡಿಸಿ, ಮಗಳಿಗೆ ಕೊಟ್ಟರು. ಸೋರದಿರಲು ತಾಮ್ರದ ಬಿಲ್ಲೆಯೊಂದೇ ಸಾಕು, ಬರಿಯ ಲೋಹಕ್ಕೇ ಕೂಡಿಸೆಂದರು. ಅವಳು ಹೊಸ ಎಂಜಿನ್ನಿಗೆ ಅದನ್ನು ಬಿಗಿದಳು.

ಹಾಜಿ ತಾವೇ ಕಾಫಿ ಬಗ್ಗಿಸಿ ಅದ್ಹಮನ ಮುಂದಿಟ್ಟರು. ಅವನು ಬಟ್ಟಲನ್ನು ಮುಟ್ಟಲಿಲ್ಲ. ಅಲ್ಲಿಯ ರೂಢಿಯಂತೆ, ಹೆಣ್ಣು ಕೇಳಲು ಬಂದವನು ಒಪ್ಪಿಗೆ ದೊರೆಯುವ ತನಕ ಆತಿಥೇಯನ ಕಾಫಿ ಕುಡಿಯನು. ಅಂಥ ಮಾತಿಗೆ ಜೊತೆಯಲ್ಲಿ ಬರಬೇಕಾದ ಕುಲದ ಹಿರಿಯರಾರೂ ಅವನ ಬೆನ್ನಿಗೆ ಇರಲಿಲ್ಲ. ಆದರೂ ಹಾಜಿಗೆ ಅರ್ಥವಾಯಿತು. ಕಣ್ಣು ತುಂಬಿತು.

"ನಿನ್ನ ಕಾಲನ್ನ ವಾಪಸ್ ಕೊಡೋಕೆ ನನ್ನ ಕೈಲಾಗಲ್ಲ, ಮಗನೇ. ಮದುವೆ ಮಾತನ್ನ ನನ್ನ ಕೇಳಬೇಡ, ಅವಳನ್ನ ಕೇಳು. ವಚನ ಮುರಿಯೋವಾಗ ನಾನು ಅವಳನ್ನ ಕೇಳಲಿಲ್ಲ."

ಅವರು ಒಳಗೆ ಹೋದರು. ಬಟ್ಟಲಿನ ಹಬೆ ಅಡಗಿತು.

"ಇನ್ಮೇಲೆ ನನ್ನಿಂದ ಏನೂ ಮುಚ್ಚಿಡಲ್ವಾ?" ಎಂದಳು ರನೀಮ್.

"ಇಲ್ಲ."

"ಹಾಗಾದ್ರೆ ಹೇಳು. ಕಾಲು ನೋಯುತ್ತಾ?"

ಕೇಳಿದವರಿಗೆಲ್ಲ ಅವನು ಇಲ್ಲವೆಂದೇ ಹೇಳುತ್ತ ಬಂದಿದ್ದ.

"ನೋಯುತ್ತೆ," ಎಂದ. "ಚಳಿಗಾಲದಲ್ಲಿ ತುಂಬಾ ನೋಯುತ್ತೆ, ರನೀಮ್."

ಅವಳು ಬಟ್ಟಲನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು.

"ಆರಿಹೋಗಿದೆ... ಪರವಾಗಿಲ್ಲ, ಕುಡಿ."