ಮುಂಗುಸಿ ಹಿಡಿದ ಪರಿಮಳ

ಮುಂಗುಸಿ ಸರ್ರನೆ ಅಗರಬತ್ತಿ ಕಾರ್ಖಾನೆಯ ಗೇಟಿನೊಳಗೆ ನುಗ್ಗಿತು. ಅದರ ಹಿಂದೆ ವಕೀಲೆ ಮಂದಾಕಿನಿ, ಅವರ ಹಿಂದೆ ಅದನ್ನು ಕಟ್ಟಿದ ವಿಜ್ಞಾನಿ ಸಂಕರ್ಷಣ, ಕೊನೆಗೆ ಏದುಸಿರು ಬಿಡುತ್ತ ಕಕ್ಷಿದಾರ ಚೆನ್ನರಾಜೇ ಅರಸರು. ಯಾಗದ ಕುದುರೆ ಹೋದತ್ತ ಸೈನ್ಯ ಹೊರಟ ಹಾಗಿತ್ತು ಆ ಮೆರವಣಿಗೆ.

ಕಡತದಲ್ಲಿ ಅದರ ಹೆಸರು ಗಂಧಶೋಧಕ ಜಾರಿಯಂತ್ರ. ಬೆಕ್ಕಿನಷ್ಟು ಗಾತ್ರ, ನಾಲ್ಕು ಚಕ್ರ, ಚೂಪು ಮೂತಿ. ಮೈಸೂರಿನ ಕೋರ್ಟಿನವರಿಗೆಲ್ಲ ಅದು ಬರೀ ಮುಂಗುಸಿ. ಮನುಷ್ಯನಿಗೆ ಬೆರಳಚ್ಚು ಹೇಗೋ ಪರಿಮಳಕ್ಕೆ ಅಣುಮುದ್ರೆ ಹಾಗೆ, ಒಂದರಂತೆ ಇನ್ನೊಂದಿಲ್ಲ. ಆ ಮುದ್ರೆಯನ್ನೂ ನ್ಯಾಯಾಲಯದ ಆಜ್ಞೆಯನ್ನೂ ಊಡಿಸಿಬಿಟ್ಟರೆ, ಪರಿಮಳ ಎಲ್ಲಿ ಗಾಢವಾಗಿದೆಯೋ ಅಲ್ಲಿಗೆ ಹೋಗಿ ಬಾಗಿಲಿಗೆ ಮೊಹರು ಹಾಕಿಬಿಡುತ್ತಿತ್ತು.

"ನಡುವೆ ನಿಲ್ಸೋಕೆ ಆಗಲ್ವಾ?" ಎಂದರು ಮಂದಾಕಿನಿ.

"ಊಹೂಂ. ಮೊದಲೆಲ್ಲ ಜಪ್ತಿಗೆ ಬಂದ ಅಮೀನರಿಗೆ ಕಾಫಿ ಕುಡಿಸಿ ವಾಪಸ್ ಕಳಿಸ್ತಿದ್ರು. ಇದು ಕಾಫಿ ಕುಡಿಯಲ್ಲ, ಮೇಡಂ," ಎಂದು ಸಂಕರ್ಷಣ ನಕ್ಕ. "ಮೊಹರು ಬಿಡಿಸ್ಬೇಕಾದ್ರೆ ಎರಡೂ ಕಡೆಯವ್ರು ರಾಜಿಯಾಗಿ ಇದರ ಬೆನ್ನ ಮೇಲೆ ಹೆಬ್ಬೆಟ್ಟು ಒತ್ತಬೇಕು. ಇಲ್ಲಾಂದ್ರೆ ಮುಂದಿನ ವಾಯಿದೆವರೆಗೆ ಬೀಗ."

ಕಂಪನಿ ವ್ಯಾಜ್ಯಗಳಲ್ಲಿ ಪಳಗಿದ ಮಂದಾಕಿನಿ ಕಿರಿಯ ವಕೀಲರಿಗೆ ಒಂದು ಮಾತು ಹೇಳುವುದಿತ್ತು: "ತೀರ್ಪು ಗೆಲ್ಲೋದು ಮದುವೆ, ಜಾರಿ ಮಾಡ್ಸೋದು ಸಂಸಾರ." ಈ ಸಂಸಾರ ಅವರಿಗೆ ಸಾಕುಸಾಕಾಗಿತ್ತು. ಅರಸರೂ ಇಮ್ದಾದ್ ಸಾಹೇಬರೂ ಜೊತೆಗೂಡಿ ಅಗರಬತ್ತಿ ಕಂಪನಿ ಕಟ್ಟಿದವರು. ಅರಸರು ಹದ ಬೆರೆಸುವ ಯಂತ್ರ ತಂದರು. ಕೈಯ ಹದ ಯಂತ್ರಕ್ಕೆ ಬಾರದೆಂದು ಸಾಹೇಬರು ಎದ್ದು ಹೋಗಿ ಬೇರೆ ಕಾರ್ಖಾನೆ ಹಾಕಿದರು. ಕಂಪನಿಗೆ ಹೆಸರು ತಂದ ಬತ್ತಿ 'ಉಷಾಪರಿಮಳ'ವನ್ನು ಸಾಹೇಬರು ಮಾರಕೂಡದೆಂದು ತೀರ್ಪಾಯಿತು. ಆದರೂ ಅರಸರ ಗಿರಾಕಿಗಳು ಕರಗುತ್ತಲೇ ಇದ್ದರು. ಸಾಹೇಬರು ಕದ್ದು ಮಾರುತ್ತಿದ್ದಾರೆಂಬುದು ಅರಸರ ದೂರು. ಅದು ನಿಜವಾದರೆ ಈ ಕಾರ್ಖಾನೆಗೆ ಇವತ್ತೇ ಬೀಗ.

ಒಳಗೆ ಬತ್ತಿ ಹೊಸೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಉಸಿರು ಬಿಗಿಹಿಡಿದರು. ಬಿಳಿಗಡ್ಡದ ಸಾಹೇಬರು ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಬನ್ನಿ ಅರಸ್ನೋರೆ. ನಿಮಗಿಂತ ಮುಂಚೆ ಇಲಿ ಕಳಿಸಿದ್ರಾ?"

"ಇಲಿಯಲ್ಲ ಸಾಹೇಬ್ರೆ, ಮುಂಗುಸಿ. ಹಾವಿರೋ ಕಡೆ ಬರತ್ತೆ."

"ಹಂಗಾದ್ರೆ ನೀವ್ ಸ್ವಲ್ಪ ದೂರ ನಿಂತ್ಕೊಳ್ಳಿ!"

ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಮುಂಗುಸಿ ಮೂಲೆಮೂಲೆ ಮೂಸಿತು. ಸಾಹೇಬರ ಅಂಗಿಯ ತೋಳಿನ ಬಳಿ ಚಣ ತಡೆದು, ತಟ್ಟನೆ ತಿರುಗಿ ಹೊರಗೋಡಿತು.

"ಅರೆ, ಎಲ್ಲಿಗೆ?" ಎಂದರು ಅರಸರು.

"ಇದಕ್ಕಿಂತ ಗಾಢವಾದ ಕಡೆ ಸಿಕ್ಕಿದೆ," ಎಂದ ಸಂಕರ್ಷಣ.

"ಅದೇ ಕಳ್ಳ ಗೋದಾಮು! ನಡೀರಿ!"

ಎಲ್ಲರೂ ಹಿಂದೆ ಓಡಿದರು. ಕುತೂಹಲ ತಡೆಯದೆ ಸಾಹೇಬರೂ. ಮಂಡಿ ಮೊಹಲ್ಲಾ ದಾಟಿ, ಎರಡು ಓಣಿ ತಿರುಗಿ, ಹಸಿರು ಗೇಟಿನ ಮನೆಯೊಂದನ್ನು ಅದು ಹೊಕ್ಕಿತು. ಅರಸರ ಹೆಜ್ಜೆ ನಿಧಾನವಾಯಿತು. ಯಾಗದ ಕುದುರೆ ಯಜಮಾನನ ಲಾಯಕ್ಕೇ ಬಂದಿತ್ತು!

ಮುಂಗುಸಿ ದೇವರ ಮನೆಯ ಬಾಗಿಲೆಳೆದು ಟಪ್ಪೆಂದು ಮೊಹರು ಒತ್ತಿತು.

"ಇದು ಕೆಟ್ಟಿದೆ!" ಎಂದು ಅರಸರು ಕೂಗಿದರು. "ಒಳಗಿರೋದು ನಮ್ಮ ಕಂಪನಿ ಬತ್ತಿ. ದಿನಾ ನಾನೇ ಹಚ್ತೀನಿ. ಮೊದಲಿನ ಪರಿಮಳವೇ ಇದೆ. ಜನಕ್ಕೆ ಮೂಗಿಲ್ಲ ಅಷ್ಟೆ!"

ಅಡುಗೆಮನೆಯಿಂದ ಅವರ ಪತ್ನಿ ಗೌರಾಜಮ್ಮಣ್ಣಿ ಬಂದರು. ಮೊಹರು ನೋಡಿದರು, ಸಾಹೇಬರನ್ನು ನೋಡಿದರು, ತುಟಿ ಕಚ್ಚಿಕೊಂಡರು.

"ಕಂಪನಿ ಬತ್ತಿಯಲ್ಲ ಅದು. ಯಂತ್ರದ್ದು ಹೊಗೆ ಬರತ್ತೆ, ಪರಿಮಳ ಬರಲ್ಲ. ದೇವರಿಗೆ ಅದನ್ನ ಹೆಂಗೆ ಹಚ್ಚೋದು? ಪ್ರತಿ ಶುಕ್ರವಾರ ಸಾಹೇಬ್ರು ಒಂದು ಕಟ್ಟು ಕಳಿಸ್ತಾರೆ. ನಾನು ನಿಮ್ಮ ಡಬ್ಬಿಗೆ ತುಂಬಿಡ್ತೀನಿ."

ಅರಸರು ಮಂದಾಕಿನಿಯ ಕಡೆ ತಿರುಗಿದರು. "ಇದು ತೀರ್ಪಿಗೆ ವಿರುದ್ಧ ತಾನೆ?"

"ಮಾರಬಾರ್ದು ಅಂತಿದೆ, ಸಾರ್. ಕೊಡಬಾರ್ದು ಅಂತಿಲ್ಲ. ನಾನೇ ಬರೆಸಿದ ಮಾತು," ಎಂದರು ಮಂದಾಕಿನಿ. ಗೆದ್ದ ಮೊಕದ್ದಮೆ ಕಣ್ಣೆದುರೇ ಸೋಲುತ್ತಿತ್ತು. ಆದರೂ ಯಾಕೋ ಅವರಿಗೆ ನಗು ಬರುತ್ತಿತ್ತು.

"ನೀವ್ಯಾಕೆ ಕಳಿಸಿದ್ರಿ?" ಅರಸರ ದನಿ ತಗ್ಗಿತ್ತು.

"ಕಾರ್ಖಾನೇಲಲ್ಲ, ಮನೆ ಹಿತ್ತಲಲ್ಲಿ ಕೂತು ಕೈಯಲ್ಲೇ ಹೊಸೆದೆ. ಜಗಳ ನಿಮ್ಮ ಹತ್ರ, ಅರಸ್ನೋರೆ. ಕಂಪನಿಯ ಮೊದಲ್ನೇ ಬತ್ತಿ ಹಚ್ಚಿದ್ದು ಈ ಬಾಗಿಲೊಳಗೆ; ದೇವರ ಜೊತೆ ನಂದೇನು ಕೋರ್ಟು?" ಎನ್ನುತ್ತ ಸಾಹೇಬರು ಬಗ್ಗಿ, ಯಾವ ಷರತ್ತನ್ನೂ ಹೇಳದೆ ಮುಂಗುಸಿಯ ಬೆನ್ನಿಗೆ ಹೆಬ್ಬೆಟ್ಟು ಒತ್ತಿದರು. "ಬೇಗ ಒತ್ರಿ. ಪೂಜೆಗೆ ಹೊತ್ತಾಯ್ತು."

ಅರಸರು ಹೆಬ್ಬೆಟ್ಟು ಚಾಚಿ, ಹಾಗೇ ತಡೆದರು. "ಒಂದು ಷರತ್ತು, ಲಾಯರಮ್ಮ. ನಾಳೆಯಿಂದ ಹದ ಬೆರೆಸೋದು ಇವರೇ. ಪಾಲುದಾರರಾಗಿ. ರಾಜಿಯಲ್ಲಿ ಬರ್ಕೊಳ್ಳಿ."

"ಆ ಯಂತ್ರ?" ಎಂದರು ಸಾಹೇಬರು.

"ಅದ್ರಲ್ಲಿ ದೋಸೆ ಹಿಟ್ಟು ರುಬ್ಬಿಸ್ತೀನಿ, ಆಯ್ತಾ?"

ಮೊಹರು ಬಿಚ್ಚಿತು. ಗೌರಾಜಮ್ಮಣ್ಣಿ ಒಂದು ಬತ್ತಿ ಹಚ್ಚಿದರು. ಹೊಗೆ ಎಳೆಯಾಗಿ ಎದ್ದು ಮನೆಯೆಲ್ಲ ಹಬ್ಬಿತು. ಮುಂಗುಸಿ ಹೊಸಿಲ ಬಳಿ ಮೂತಿ ಎತ್ತಿ ನಿಂತೇ ಇತ್ತು.

ಸಂಕರ್ಷಣ ತಲೆ ಕೆರೆದುಕೊಂಡ. "ಆಜ್ಞೆ ಅಳಿಸಿದೆ, ಮೇಡಂ. ವಾಪಸ್ ಹೋಗ್ಬೇಕಿತ್ತು. ಯಾಕೆ ಹೋಗ್ತಿಲ್ವೋ!"

ಮಂದಾಕಿನಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದರು.

"ಇರಲಿ ಬಿಡ್ರಿ. ಮಂಗಳಾರತಿ ಆಗ್ಲಿ."